ಬೀದಿಗೆ ಅಳತೆ ತೆಗೆದ ದರ್ಜಿಯ ಮಗಳು

ಕತ್ತರಿ ಮಾಮನ ಕೈಗೆ ಸಿಕ್ಕ ಯಾವ ವಸ್ತುವೂ ಹರಿದದ್ದು ಹರಿದ ಹಾಗೇ ಉಳಿದದ್ದಿಲ್ಲ. ಅಂಗಿ, ಕೊಡೆ, ಚೀಲ, ಹಾಸಿಗೆ, ಒಮ್ಮೆ ಒಬ್ಬ ಲಾರಿಯವನ ಟಾರ್ಪಾಲು. ಆ ಟಾರ್ಪಾಲು ಎಷ್ಟು ದೊಡ್ಡದಿತ್ತೆಂದರೆ, ಈ ತುದಿಯಲ್ಲಿ ಹೊಲಿಯಲು ಕೂತಾಗ ಲಾರಿಯವನಿಗೆ ಮದುವೆಯಾಗಿರಲಿಲ್ಲವಂತೆ, ಆ ತುದಿ ಮುಟ್ಟುವಷ್ಟರಲ್ಲಿ ಅವನ ಮಗ ಬಂದು ಟಾರ್ಪಾಲು ತೆಗೆದುಕೊಂಡು ಹೋದನಂತೆ. ಮಾಮ ಹೇಳಿದ್ದರಲ್ಲಿ ಅರ್ಧ ಬಿಟ್ಟು ನಂಬಬೇಕು. ಉಳಿದ ಅರ್ಧದಲ್ಲೂ ಅಂಚು ಕತ್ತರಿಸಬೇಕು.

ಆದರೆ ಒಂದು ಸಂಗತಿಯನ್ನು ಮಾತ್ರ ಬೀದಿಯವರೆಲ್ಲ ಕಣ್ಣಾರೆ ಕಂಡಿದ್ದರು. ಹೋದ ವರ್ಷ ಬೀದಿಯ ಕೆಳಗಿನ ತುದಿಯ ನಲ್ಲಿಯ ಪೈಪು ಚರಂಡಿಯ ಪಕ್ಕದಲ್ಲಿ ಸೋರತೊಡಗಿತು. ದಾರಿಯೆಲ್ಲ ಕೆಸರು. ಮಾಮ ಹಳೆಯ ಮಳೆಕೋಟೊಂದನ್ನು ತಂದ. ಟೇಪು ಹಿಡಿದು ಪೈಪಿಗೆ ಅಳತೆ ತೆಗೆದ. ಮೂರು ಸುತ್ತು ಸುತ್ತಿ, ದಪ್ಪ ದಾರದಲ್ಲಿ ಎರಡು ಸಾಲು ಹೊಲಿಗೆ ಹಾಕಿಬಿಟ್ಟ. ಸೋರುವುದು ನಿಂತಿತು. ಪೈಪಿಗೆ ಕೋಟು ಹೊಲಿದ ದರ್ಜಿ ಭೂಲೋಕದಲ್ಲಿ ತಾನೊಬ್ಬನೇ ಎಂದು ಅಂದಿನಿಂದ ಬಂದ ಗಿರಾಕಿಗೆಲ್ಲ ಹೇಳುತ್ತಿದ್ದ.

ಇಂಥ ಮಾಮನಿಗೂ ಮುಚ್ಚಲಾಗದ ಒಂದು ತೂತು ಇತ್ತು. ಯಾರಾದರೂ ಬಂದು ಮಗಳು ಏನು ಓದುತ್ತಿದ್ದಾಳೆ ಎಂದು ಕೇಳಿದರೆ ಸಾಕು, ಅಷ್ಟು ಮಾತಿನ ಮಲ್ಲ ಕೆಮ್ಮತೊಡಗುತ್ತಿದ್ದ.

ಮಗಳು ವಿಶ್ವವಿದ್ಯಾಲಯ ಸೇರಿ ಒಂದು ವರ್ಷವಾಗಿತ್ತು. ಅಪ್ಪನಿಗಿಂತ ಗೇಣುದ್ದ ಎತ್ತರ ಬೆಳೆದಿದ್ದರೂ ಮನೆಯಲ್ಲಿ ಅವಳು ಪುಟ್ಟಿಯೇ. ಅವಳು ಆರಿಸಿಕೊಂಡದ್ದು ಸಾರ್ವಜನಿಕ ಆರೋಗ್ಯ ಮತ್ತು ಸಮುದಾಯ ಕೆಲಸದ ಓದು. ಮಾಮನ ಕಿವಿಗೆ ಅದರಲ್ಲಿ ‘ಆರೋಗ್ಯ’ ಎಂಬುದೊಂದೇ ಬಿದ್ದಿತ್ತು. ಮಗಳು ಡಾಕ್ಟರಾಗುತ್ತಾಳೆ ಎಂದು ಬೀದಿಗೆಲ್ಲ ಸಾರಿಬಿಟ್ಟ. ಅವಳ ಕೋಟಿಗೆಂದು ಮೂರು ಮೀಟರು ಒಳ್ಳೆಯ ಬಿಳಿ ಬಟ್ಟೆ ತಂದು, ಪೇಪರಿನಲ್ಲಿ ಸುತ್ತಿ, ಅಟ್ಟಣಿಗೆಯ ಮೇಲಿಟ್ಟ. ಆಮೇಲೆ ತಿಳಿಯಿತು: ಈ ಓದಿನಲ್ಲಿ ಸೂಜಿ ಇಲ್ಲ, ಮಾತ್ರೆ ಇಲ್ಲ, ಕತ್ತಿಗೆ ಹಾಕಿಕೊಳ್ಳುವ ಕೊಳವೆಯೂ ಇಲ್ಲ. ಬಿಳಿ ಬಟ್ಟೆ ಅಲ್ಲೇ ಉಳಿಯಿತು.

"ಹಾಗಾದ್ರೆ ಕಾಯಿಲೆ ಬಂದವರಿಗೆ ನೀನೇನು ಮಾಡ್ತೀಯ?" ಎಂದು ಅವನು ಕೇಳಿದ್ದ.

"ಕಾಯಿಲೆ ಬರದ ಹಾಗೆ ಏನು ಮಾಡಬೇಕು ಅಂತ ಹುಡುಕ್ತೀವಪ್ಪ. ಜನರ ಜೊತೆ ಸೇರಿ."

"ಬರದೇ ಇದ್ದ ಕಾಯಿಲೆಗೆ ನಿನ್ನನ್ನ ಯಾರು ನೆನೆಸ್ಕೋತಾರೆ ಮಗಳೇ?"

ಯಾರೂ ನೆನೆಸಿಕೊಳ್ಳುವುದಿಲ್ಲ ಎಂಬುದು ನಿಜವೇ ಆಗಿತ್ತು.

ಕೊನೆಗೆ ಅಪ್ಪ ಮಗಳ ನಡುವೆ ಒಂದು ಒಪ್ಪಂದವಾಯಿತು. ಆ ತಿಂಗಳು ವಿಶ್ವವಿದ್ಯಾಲಯದವರು ಪುಟ್ಟಿಗೆ ಮನೆಮನೆಗೆ ಹೋಗಿ ಜನರ ಆರೋಗ್ಯ ವಿಚಾರಿಸುವ ಕೆಲಸ ಕೊಟ್ಟಿದ್ದರು. ಅವಳು ತನ್ನ ಬೀದಿಯನ್ನೇ ಆರಿಸಿಕೊಂಡಿದ್ದಳು. ಅದರಿಂದ ಬೀದಿಯ ಒಬ್ಬನೇ ಒಬ್ಬನಿಗೆ ಉಪಯೋಗವಾದರೂ ಸರಿ, ಅವಳು ಇದೇ ಓದು ಮುಂದುವರಿಸಬಹುದು. ಆಗದಿದ್ದರೆ, ತಿಂಗಳ ಕೊನೆಯೊಳಗೆ ಓದು ಬದಲಿಸುವ ಅರ್ಜಿಗೆ ಸಹಿ ಹಾಕಿ ನರ್ಸಿಂಗ್‌ಗೆ ಸೇರಬೇಕು. ಅರ್ಜಿಯನ್ನು ಮಾಮ ಮೊದಲೇ ತರಿಸಿ ಮೇಜಿನ ಖಾನೆಯಲ್ಲಿ ಇಟ್ಟುಕೊಂಡಿದ್ದ. ನರ್ಸಿಗಾದರೆ ಬಿಳಿ ಬಟ್ಟೆ ಬೇಕೇ ಬೇಕು ಎಂಬುದು ಅವನ ಒಳಲೆಕ್ಕ.

ಆ ಬೀದಿ ದೊಡ್ಡದೇನಲ್ಲ. ನಲವತ್ತೆರಡು ಮನೆ, ಮೇಲಿನ ತುದಿಗೊಂದು ನಲ್ಲಿ, ಕೆಳಗಿನ ತುದಿಗೊಂದು ನಲ್ಲಿ. ಮಾಮನ ಮನೆ ಮೇಲಿನ ತುದಿಯಲ್ಲಿ. ಮುಂದಿನ ಕೋಣೆಯೇ ಅಂಗಡಿ. ಒಂದು ಹೊಲಿಗೆ ಯಂತ್ರ, ಬಟ್ಟೆ ಕತ್ತರಿಸುವ ಉದ್ದ ಮೇಜು, ಮೂಲೆಯಲ್ಲಿ ಸ್ಟೂಲಿನ ಮೇಲೆ ಕೂತು ಕಾಜ ಹಾಕುವ ಹೆಂಡತಿ. ಅವಳ ತುಟಿಗಳ ನಡುವೆ ಸದಾ ಒಂದು ಸೂಜಿ ಇರುತ್ತಿದ್ದುದರಿಂದ ಅವಳು ಹೆಚ್ಚು ಮಾತಾಡುತ್ತಿರಲಿಲ್ಲ. ಅವಳ ಪಾಲಿನದನ್ನೂ ಗಂಡನೇ ಆಡಿ ಮುಗಿಸುತ್ತಿದ್ದ.

ಪುಟ್ಟಿ ಕಾಗದ ಪೆನ್ನು ಹಿಡಿದು ಮನೆಮನೆ ಸುತ್ತುವ ಹಿಂದಿನ ದಿನ, ಮಾಮ ತಾನೇ ಬೀದಿಗಿಳಿದ. ಅರ್ಜಿ ಖಾನೆಯಲ್ಲಿದ್ದದ್ದು ನಿಜ. ಓದು ಅವನಿಗೆ ಇಷ್ಟವಿಲ್ಲದ್ದೂ ನಿಜ. ಆದರೆ ಓದು ಎಂಥದ್ದೇ ಇರಲಿ, ತನ್ನ ಮಗಳು ಅದರಲ್ಲಿ ಫೇಲಾಗಬಾರದು. ಹೆತ್ತ ಕರುಳಿನ ಲೆಕ್ಕವೇ ಹಾಗೆ, ಕೂಡಿಸಿದರೂ ಕಳೆದರೂ ಒಂದೇ ಉತ್ತರ. ಅವನು ಪ್ರತಿ ಬಾಗಿಲಲ್ಲೂ ನಿಂತು ಗುಟ್ಟಾಗಿ ಹೇಳಿದ: ನಾಳೆ ನಮ್ಮ ಪುಟ್ಟಿ ಬಂದು ಏನೇನೋ ಕೇಳುತ್ತಾಳೆ, ಅದು ಅವಳ ಪರೀಕ್ಷೆ, ಕೇಳಿದ್ದಕ್ಕೆಲ್ಲ ಚೆನ್ನಾಗಿದೆ ಎಂದುಬಿಡಿ, ಬೀದಿ ಚೆನ್ನಾಗಿದ್ದರೆ ಅವಳಿಗೆ ಹೆಚ್ಚು ಮಾರ್ಕ್ಸು.

ಬೀದಿಯವರು ಪುಟ್ಟಿಯನ್ನು ಎತ್ತಿ ಆಡಿಸಿದವರು. ಅವರೇಕೆ ಬಿಟ್ಟಾರು? ಒಂದು ಸುಳ್ಳು ಕೇಳಿದರೆ ಒಂಬತ್ತು ಕೊಟ್ಟರು. ಕುಡಿಯುವ ನೀರನ್ನು ಒಮ್ಮೆಯಲ್ಲ, ಮೂರು ಸಲ ಕುದಿಸುತ್ತೇವೆ ಎಂದರು ಒಬ್ಬರು. ನಮ್ಮ ಮನೆಗೆ ನೊಣ ಬಂದರೂ ಕಾಲು ಒರೆಸಿಕೊಂಡೇ ಒಳಗೆ ಬರುತ್ತದೆ ಎಂದರು ಇನ್ನೊಬ್ಬರು. ಮಕ್ಕಳೇ ಇಲ್ಲದ ಮನೆಯವರು ಕೂಡ ನಮ್ಮ ಮಕ್ಕಳು ದಿನಕ್ಕೆ ಹತ್ತು ಸಲ ಕೈ ತೊಳೆಯುತ್ತಾರೆ ಎಂದುಬಿಟ್ಟರು. ಅದನ್ನು ಬರೆಯುವಾಗ ಪುಟ್ಟಿಯ ಪೆನ್ನು ಸ್ವಲ್ಪ ಹೊತ್ತು ನಿಂತಿತು. ಕೆಳಗಿನ ನಲ್ಲಿಯ ಎದುರು ಮನೆಯ ಇಸ್ತ್ರಿ ಅತ್ತೆ, ಬಟ್ಟೆಗೆ ಇಸ್ತ್ರಿ ಹಾಕುತ್ತಲೇ, ಮೊಮ್ಮಗಳಿಗೆ ಭೇದಿಯಾಗುತ್ತದೆಯೇ ಎಂಬ ಪ್ರಶ್ನೆಗೆ ತಲೆಯೆತ್ತದೆ ಉತ್ತರಿಸಿದಳು: "ನಮ್ಮನೇಲಿ ಆ ಪದಾನೇ ಇಲ್ಲಮ್ಮ."

ಹೀಗೆ ನಲವತ್ತೆರಡು ಮನೆಯ ಕಾಗದಗಳು ತುಂಬಿದವು. ಭೇದಿ ಸೊನ್ನೆ, ವಾಂತಿ ಸೊನ್ನೆ, ಜ್ವರ ಸೊನ್ನೆ. ಮಾಮ ಆ ರಾತ್ರಿ ಗೊರಕೆ ಹೊಡೆದ ಸದ್ದಿಗೆ ಹೊಲಿಗೆ ಯಂತ್ರ ತಾನಾಗಿಯೇ ಎರಡು ಗಜ ಹೊಲಿಯಿತೆಂದು ಹೇಳುತ್ತಾರೆ.

ವಾರದ ಮೇಲೆ ಪುಟ್ಟಿ ವಿಶ್ವವಿದ್ಯಾಲಯದಿಂದ ಬೇಗನೆ ಬಂದಳು. ಚಪ್ಪಲಿಯನ್ನು ನಡುದಾರಿಯಲ್ಲೇ ಬಿಟ್ಟು, ಮೇಜಿನ ಕೆಳಗೆ ತುಂಡುಬಟ್ಟೆಗಳ ರಾಶಿಯ ಮೇಲೆ ಕೂತಳು. ಚಿಕ್ಕವಳಿದ್ದಾಗ ಪೆಟ್ಟಾದರೆ ಅವಳು ಬಂದು ಕೂರುತ್ತಿದ್ದದ್ದು ಅಲ್ಲಿಯೇ. ಮಾಮ ಯಂತ್ರದ ಚಕ್ರ ಹಿಡಿದು ನಿಲ್ಲಿಸಿದ.

ಅವಳು ತಡೆತಡೆದು ಹೇಳಿದ್ದು ಇಷ್ಟು. ಅವಳ ಮೇಡಂ ಕಾಗದಗಳನ್ನೆಲ್ಲ ನೋಡಿ, ಇಂಥ ಬೀದಿ ಭೂಮಿಯ ಮೇಲೆ ಇದ್ದರೆ ನಾನೂ ಅಲ್ಲಿಗೇ ಮನೆ ಬದಲಾಯಿಸುತ್ತೇನೆ ಎಂದಿದ್ದರು. ಬೈಯಲಿಲ್ಲ. ಒಂದೋ ನೀನು ಮನೆಯಲ್ಲಿ ಕೂತು ತುಂಬಿಸಿದ್ದೀಯ, ಇಲ್ಲವೇ ನಿನ್ನ ಬೀದಿ ನಿನ್ನಿಂದ ಏನನ್ನೋ ಮುಚ್ಚಿಡುತ್ತಿದೆ, ಯಾವುದೆಂದು ವಾರದೊಳಗೆ ತಿಳಿದುಕೊಂಡು ಬಾ, ಇಲ್ಲದಿದ್ದರೆ ಈ ಕೆಲಸ ಲೆಕ್ಕಕ್ಕೆ ಬರುವುದಿಲ್ಲ ಎಂದಿದ್ದರು.

"ನಾನು ಮನೇಲಿ ಕೂತು ತುಂಬಿಸಿಲ್ಲಪ್ಪ," ಎಂದಳು ಪುಟ್ಟಿ. "ಅಂದ್ಮೇಲೆ ನನ್ನ ಬೀದೀನೇ ನನಗೆ ನಿಜ ಹೇಳ್ಲಿಲ್ಲ. ಹುಟ್ಟಿ ಬೆಳೆದ ಬೀದಿ. ಇವರೇ ನನ್ನನ್ನ ನಂಬಲ್ಲ ಅಂದ್ರೆ ಬೇರೆ ಯಾರು ನಂಬ್ತಾರೆ? ಆ ಅರ್ಜಿ ಎಲ್ಲಿಟ್ಟಿದ್ದೀಯ? ಕೊಡು, ಸಹಿ ಹಾಕ್ತೀನಿ."

ಮಾಮ ಕಾದು ಕೂತಿದ್ದ ಮಾತು ಅದು. ಬಿಳಿ ಬಟ್ಟೆ ಅಟ್ಟಣಿಗೆಯಿಂದ ಇಳಿಯುವ ಕಾಲ ಬಂದಿತ್ತು. ಆದರೆ ಅವನು ಮೇಜಿನ ಮೇಲಿನ ಬಟ್ಟೆಗಳನ್ನು ಸುಮ್ಮನೆ ಮೇಲೆ ಕೆಳಗೆ ಮಾಡಿದ. ಅರ್ಜಿ ಎಲ್ಲೋ ಇದೆ, ಹುಡುಕಿ ಕೊಡುತ್ತೇನೆ ಎಂದ. ಅದು ಅವನ ಮೊಣಕೈಯಿಂದ ಒಂದು ಅಡಿ ದೂರದ ಖಾನೆಯಲ್ಲಿತ್ತು. ಪುಟ್ಟಿ ಮುಖ ತೊಳೆಯಲು ಹಿಂದಕ್ಕೆ ಹೋದಳು.

ಅಷ್ಟರಲ್ಲಿ ಇಸ್ತ್ರಿ ಅತ್ತೆ ಬಂದಳು. ಒಂದು ಕೈಯಲ್ಲಿ ಮೊಮ್ಮಗಳು, ಇನ್ನೊಂದು ಕೈಯಲ್ಲಿ ಅವಳ ಶಾಲೆಯ ಸ್ಕರ್ಟು. ಸೊಂಟ ಸ್ವಲ್ಪ ಹಿಡಿದು ಕೊಡಬೇಕು, ನಿಲ್ಲುತ್ತಿಲ್ಲ, ನಡೆದರೆ ಜಾರುತ್ತದೆ ಎಂದಳು.

ಮಾಮ ಅಳತೆ ಪುಸ್ತಕ ತೆಗೆದ. ಅವನ ವಹಿವಾಟಿನಲ್ಲಿ ಸುಳ್ಳಿಲ್ಲದ ಜಾಗ ಅದೊಂದೇ. ಯಾರ ಭುಜ ಎಷ್ಟು, ಯಾರ ಸೊಂಟ ಎಷ್ಟು, ಯಾವ ಬಟ್ಟೆಯ ಹೊಲಿಗೆ ಯಾವಾಗ ಬಿಚ್ಚಿ ಸಡಿಲ ಮಾಡಿದ್ದು, ಯಾವಾಗ ಹಿಡಿದು ಬಿಗಿ ಮಾಡಿದ್ದು, ಎಲ್ಲವೂ ತಾರೀಖಿನೊಂದಿಗೆ ಅದರಲ್ಲಿತ್ತು. ಹಾಳೆ ತಿರುವಿದ. ಅವನ ಬೆರಳು ನಿಂತಿತು. ಅದೇ ಸ್ಕರ್ಟನ್ನು ಅವನು ಆ ವರ್ಷ ಎರಡು ಸಲ ಹಿಡಿದುಕೊಟ್ಟಿದ್ದ. ಇದು ಮೂರನೆಯದು.

ಅವನು ಮಂಡಿಯೂರಿ ಕೂತು ಮಗುವಿನ ಸೊಂಟಕ್ಕೆ ಟೇಪು ಸುತ್ತಿದ. ಕಚಗುಳಿಯಾದರೆ ನಗುವ ಮಗು ಅದು. ಆ ದಿನ ನಗಲಿಲ್ಲ, ಅವನ ಭುಜಕ್ಕೆ ಒರಗಿಕೊಂಡಿತು. ತರಗೆಲೆ ಒರಗಿದಷ್ಟೇ ಭಾರ. ಟೇಪಿನ ಮೇಲಿನ ಅಂಕಿಯನ್ನು ಮಾಮ ಗಟ್ಟಿಯಾಗಿ ಹೇಳಲಿಲ್ಲ.

"ಏನಾಗಿದೆ ಅತ್ತೆ ಇದಕ್ಕೆ?"

ಇಸ್ತ್ರಿ ಅತ್ತೆ ಒಳಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. "ಹೊಟ್ಟೆ ನಿಲ್ತಾ ಇಲ್ಲ ಮಾರಾಯ. ತಿಂಗಳಿಗೆ ಎರಡು ಸಲ, ಮೂರು ಸಲ. ಮಾತ್ರೆ ತಂದು ನುಂಗಿಸ್ತೀನಿ, ನಿಲ್ಲುತ್ತೆ, ಮತ್ತೆ ಶುರು. ಪುಟ್ಟಿ ಬಂದಾಗ ಹೇಳೋಣ ಅಂತ ಬಾಯಿ ತನಕ ಬಂದಿತ್ತು. ನೀನು ಮಾರ್ಕ್ಸು ಅಂದ್ಯಲ್ಲ, ನುಂಗಿಕೊಂಡೆ."

ಮಾಮ ಟೇಪನ್ನು ತೆಗೆದು ಕತ್ತಿಗೆ ಹಾಕಿಕೊಂಡ. ಮೂಲೆಯಲ್ಲಿದ್ದ ಹೆಂಡತಿ ತುಟಿಯ ನಡುವಿನ ಸೂಜಿ ತೆಗೆದು ಸೆರಗಿಗೆ ಚುಚ್ಚಿಕೊಂಡಳು.

"ತೇಪೆ ಹಾಕಿದ್ದು ನೀವು," ಎಂದಳು. "ಬಿಚ್ಚೋದೂ ನೀವೇ."

ಪುಟ್ಟಿ ಮುಖ ಒರೆಸಿಕೊಳ್ಳುತ್ತ ಬಾಗಿಲಲ್ಲಿ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಮಾಮ ಕತ್ತಿನ ಟೇಪನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಯಾವ ಉತ್ಪ್ರೇಕ್ಷೆಯೂ ಇಲ್ಲದೆ, ಹೋದ ವಾರ ತಾನು ಯಾವ ಯಾವ ಬಾಗಿಲಿಗೆ ಹೋದೆ, ಏನೇನು ಹೇಳಿಕೊಟ್ಟೆ ಎಂದೆಲ್ಲ ಹೇಳಿದ. ಶಾಲೆಗೆ ಇನ್ಸ್‌ಪೆಕ್ಟರು ಬಂದಾಗ ಮಕ್ಕಳಿಗೆ ಹೇಳಿಕೊಡುವುದಿಲ್ಲವೇ, ಹಾಗೆಂದುಕೊಂಡಿದ್ದೆ ಎಂದ.

"ನನಗೆ ಮಾರ್ಕ್ಸ್ ಬರಲಿ ಅಂತ ಬೀದಿಗೆಲ್ಲ ಸುಳ್ಳು ಹೇಳ್ಕೊಟ್ಯಾ?"

"ಹೂಂ."

"ನನ್ನ ಓದೇ ನಿನಗೆ ಬೇಡವಾಗಿತ್ತಲ್ಲಪ್ಪ?"

"ಓದು ಬೇಡ. ನೀನು ಸೋಲೋದು ಅದಕ್ಕಿಂತ ಬೇಡ."

ಪುಟ್ಟಿಗೆ ನಗು ಬಂತೋ ಅಳು ಬಂತೋ, ಎರಡೂ ಒಂದೇ ಬಾಗಿಲಲ್ಲಿ ಸಿಕ್ಕಿಹಾಕಿಕೊಂಡವು. ಅವಳು ಇಸ್ತ್ರಿ ಅತ್ತೆಯ ಬಳಿ ಹೋಗಿ ಕೂತು, ಮಗುವನ್ನು ತೊಡೆಗೆಳೆದುಕೊಂಡಳು. ಹಿಂದೆ ಕಾಗದ ಹಿಡಿದು ಕೇಳಿದ ಹಾಗೆ ಕೇಳಲಿಲ್ಲ. ಶಾಲೆಯಲ್ಲಿ ಪಾಠದ ನಡುವೆ ಎಷ್ಟು ಸಲ ಎದ್ದು ಓಡುತ್ತೀಯ ಎಂದು ಮಗುವನ್ನೇ ಕೇಳಿದಳು. ಮಗು ಬೆರಳು ಮಡಚುತ್ತ ಹೋಯಿತು, ಒಂದು ಕೈ ಸಾಲಲಿಲ್ಲ. ಮೂತ್ರ ಸರಿಯಾಗಿ ಹೋಗುತ್ತಿದೆಯೇ, ಭೇದಿಯಲ್ಲಿ ರಕ್ತ ಇತ್ತೇ ಎಂದು ಅತ್ತೆಯನ್ನು ಮೆಲ್ಲಗೆ ವಿಚಾರಿಸಿದಳು. ಆ ಮಧ್ಯಾಹ್ನವೇ ಇಬ್ಬರನ್ನೂ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಿ ಡಾಕ್ಟರಿಗೆ ತೋರಿಸಿದಳು. ಹಿಂದಿರುಗಿದಾಗ ಅತ್ತೆಯ ಕೈಯಲ್ಲಿ ಡಾಕ್ಟರು ಬರೆದುಕೊಟ್ಟ ಔಷಧಿಯ ಜೊತೆಗೆ ಓಆರ್‌ಎಸ್ ಪುಡಿಯ ಪೊಟ್ಟಣಗಳೂ ಇದ್ದವು. ಒಂದು ಪೊಟ್ಟಣಕ್ಕೆ ಕುದಿಸಿ ಆರಿಸಿದ ಒಂದು ಲೀಟರ್ ನೀರು, ಹೆಚ್ಚೂ ಅಲ್ಲ ಕಡಿಮೆಯೂ ಅಲ್ಲ, ಗುಟುಕು ಗುಟುಕಾಗಿ ಕುಡಿಸು, ಒಂದು ದಿನ ದಾಟಿದರೆ ಉಳಿದದ್ದನ್ನು ಚೆಲ್ಲಿ ಹೊಸದು ಮಾಡು ಎಂದು ದಾರಿಯುದ್ದಕ್ಕೂ ಪುಟ್ಟಿ ಹೇಳಿಕೊಟ್ಟಿದ್ದಳು.

ಬಂದವಳೇ ಅಪ್ಪನ ಎದುರು ನಿಂತಳು.

"ಅಪ್ಪ, ನೀನು ಯಾವತ್ತಾದ್ರೂ ಗಿರಾಕಿ ಹತ್ರ ಸೊಂಟ ಎಷ್ಟಿಂಚು ಅಂತ ಬಾಯಲ್ಲಿ ಕೇಳಿ ಬಟ್ಟೆ ಕತ್ತರಿಸಿದ್ದೀಯ?"

"ಬಾಯಲ್ಲಿ ಕೇಳಿದ್ರೆ ಯಾರು ನಿಜ ಹೇಳ್ತಾರೆ? ದಪ್ಪ ಇದ್ದವರು ಮೂರಿಂಚು ನುಂಗ್ತಾರೆ. ಅದಕ್ಕೇ ಟೇಪು ಇರೋದು."

"ನಾನು ಮಾಡಿದ ತಪ್ಪು ಅದೇ. ಬಾಯಲ್ಲಿ ಕೇಳಿ ಬರ್ಕೊಂಡು ಹೋದೆ. ಬೀದಿಗೆ ಟೇಪು ಹಿಡೀಲಿಲ್ಲ." ಅವಳು ಅಳತೆ ಪುಸ್ತಕದ ಮೇಲೆ ಕೈಯಿಟ್ಟಳು. "ಟೇಪು ನಿನ್ನ ಹತ್ರ ಇದೆ."

ಮಾಮ ಪುಸ್ತಕವನ್ನೇ ನೋಡಿದ. ಆಮೇಲೆ ನಿಧಾನವಾಗಿ, ತನಗೇ ಹೇಳಿಕೊಳ್ಳುವ ಹಾಗೆ, ಒಂದು ಮಾತು ಹೇಳಿದ: ಬೆಳೆಯೋ ಮಕ್ಕಳ ಬಟ್ಟೆ ವರ್ಷ ವರ್ಷ ಬಿಚ್ಚಿ ಕೊಡಬೇಕು. ಹಿಡಿದು ಕೊಡೋದಲ್ಲ.

ಅಪ್ಪ, ಅಮ್ಮ, ಮಗಳು ಮೂವರೂ ಕೂತರು. ಮೇಜಿನ ಮೇಲಿದ್ದ ಬಟ್ಟೆಯನ್ನೆಲ್ಲ ಸರಿಸಿ, ಪುಟ್ಟಿ ದರ್ಜಿಯ ಸೀಮೆಸುಣ್ಣದಲ್ಲಿ ಬೀದಿಯನ್ನು ಬರೆದಳು. ಎರಡು ಉದ್ದ ಗೆರೆ, ನಲವತ್ತೆರಡು ಚೌಕ, ಎರಡು ನಲ್ಲಿ. ಅಮ್ಮ ಗುಂಡಿಗಳ ಡಬ್ಬಿ ಸುರಿದಳು. ಮಾಮ ಹಾಳೆ ತಿರುವುತ್ತ, ಆ ವರ್ಷ ಮಕ್ಕಳ ಬಟ್ಟೆ ಹಿಡಿದುಕೊಟ್ಟ ಮನೆಗಳನ್ನು ಹೇಳುತ್ತ ಹೋದ. ಪುಟ್ಟಿ ಒಂದೊಂದು ಮನೆಗೂ ಒಂದು ಕೆಂಪು ಗುಂಡಿ ಇಟ್ಟಳು. ಮನೆಯವರ ಹೆಸರನ್ನು ಎಲ್ಲಿಯೂ ಬರೆಯಲಿಲ್ಲ. ಯಾರ ಮನೆಯ ಕಾಯಿಲೆ ಎಂದು ಹೊರಗೆ ಹೇಳಬಾರದು, ನಮ್ಮ ಓದಿನ ಮೊದಲ ಪಾಠವೇ ಅದು ಎಂದಳು.

ಹನ್ನೊಂದು ಗುಂಡಿ ಬಿದ್ದವು. ಮಾಮ ಕನ್ನಡಕ ಏರಿಸಿ ನೋಡಿದ. ಹತ್ತು ಗುಂಡಿಗಳು ಕೆಳಗಿನ ನಲ್ಲಿಯ ಸುತ್ತ, ಬೆಲ್ಲದ ಚೂರಿಗೆ ಇರುವೆ ಮುತ್ತಿದ ಹಾಗೆ ಕೂತಿದ್ದವು. ಒಂದು ಮಾತ್ರ ಮೇಲಿನ ತುದಿಯಲ್ಲಿ ಒಂಟಿಯಾಗಿತ್ತು.

"ಇದೊಂದು ಯಾಕೆ ಇಲ್ಲಿ?" ಎಂದು ಪುಟ್ಟಿ ತಲೆ ಕೆರೆದುಕೊಂಡಳು.

ಅಮ್ಮ ಮತ್ತೊಮ್ಮೆ ಸೂಜಿ ತೆಗೆದಳು. "ಆ ಮನೆಯವಳು ನೀರಿಗೆ ಕೆಳಗಿನ ನಲ್ಲಿಗೇ ಹೋಗ್ತಾಳೆ. ಅಲ್ಲಿ ಸಾಲು ಚಿಕ್ಕದು."

ಹನ್ನೊಂದೂ ಗುಂಡಿ ಒಂದೇ ದಾರದಲ್ಲಿ ಪೋಣಿಸಿದ ಹಾಗಾಗಿತ್ತು.

ಮರುದಿನ ಬೆಳಿಗ್ಗೆ ಅಪ್ಪ ಮಗಳು ಜೊತೆಯಾಗಿ ಹೊರಟರು. ಪ್ರತಿ ಬಾಗಿಲಲ್ಲೂ ಮೊದಲು ಮಾಮ ಮಾತಾಡಿದ. ಹೋದ ವಾರ ನಾನು ಹೇಳಿಕೊಟ್ಟದ್ದು ತಪ್ಪು, ಬೀದಿ ಚೆನ್ನಾಗಿದೆ ಅಂದರೆ ಮಗಳಿಗೆ ಮಾರ್ಕ್ಸು ಬರುವುದಿಲ್ಲ, ಬೀದಿ ಹೇಗಿದೆಯೋ ಹಾಗೆ ಹೇಳಿದರೆ ಬೀದಿಗೇ ಒಳ್ಳೆಯದಾಗುತ್ತದೆ ಎಂದ. ಜನ ಮೊದಲು ಮುಖ ಮುಖ ನೋಡಿಕೊಂಡರು. ಹೊಟ್ಟೆಯ ವಿಷಯ ಬಾಗಿಲಲ್ಲಿ ನಿಂತು ಆಡುವುದು ಹೇಗೆ? ಆಗ ಮಾಮ ತನ್ನದೇ ಒಂದು ಹಳೆಯ ಕತೆ ಬಿಟ್ಟ. ಒಮ್ಮೆ ಅವನಿಗೆ ಹೊಟ್ಟೆ ಕೆಟ್ಟು, ಹೊಲಿಗೆ ಯಂತ್ರದಿಂದ ಹಿತ್ತಲಿಗೆ ಓಡಿ ಓಡಿ ಎಂಥ ದಾರಿ ಬಿದ್ದಿತೆಂದರೆ, ಆಮೇಲೆ ಅದರಲ್ಲಿ ಗಾಡಿ ಓಡಿಸುತ್ತಿದ್ದರಂತೆ. ನಗು ಬಂದ ಮೇಲೆ ನಾಚಿಕೆ ನಿಲ್ಲುವುದಿಲ್ಲ. ಬಾಯಿಗಳು ಬಿಚ್ಚಿಕೊಂಡವು. ಮೂರು ಸಲ ಕುದಿಸುತ್ತೇವೆ ಎಂದಿದ್ದವರು ನೀರಿಗೆಂದು ಒಲೆಯನ್ನೇ ಹಚ್ಚುವುದಿಲ್ಲ ಎಂದು ಒಪ್ಪಿಕೊಂಡರು. ಮಕ್ಕಳಿಲ್ಲದ ಮನೆಯವರು ಕ್ಷಮೆ ಕೇಳಿದರು.

ಪುಟ್ಟಿ ಬರೆದುಕೊಂಡಳು, ಬರೆಯುವುದಕ್ಕಿಂತ ಹೆಚ್ಚು ಕೇಳಿಸಿಕೊಂಡಳು. ಕೆಳಗಿನ ನಲ್ಲಿಯ ನೀರನ್ನು ಸದ್ಯಕ್ಕೆ ಕುಡಿಯಲು ಬಳಸಬೇಡಿ, ಬಳಸಲೇಬೇಕಾದರೆ ಗಳಗಳ ಕುದಿಯುವ ತನಕ ಕಾಯಿಸಿ, ಮುಚ್ಚಿಟ್ಟು, ಆರಿಸಿ ಕುಡಿಯಿರಿ ಎಂದು ಮನೆಮನೆಗೂ ಹೇಳಿದಳು. ಆಮೇಲೆ ಬೀದಿಯವರೆಲ್ಲ ಸಹಿ ಹಾಕಿದ ಪತ್ರವನ್ನೂ ಕಾಗದಕ್ಕೆ ಇಳಿಸಿದ ಗುಂಡಿಗಳ ನಕ್ಷೆಯನ್ನೂ ಹಿಡಿದು ನೀರಿನ ಕಚೇರಿಗೆ ಹೋದಳು. ಅಲ್ಲಿಯವರು ನಾಳೆ ಬಾ ಎನ್ನಲು ಬಾಯಿ ತೆರೆದವರು, ನಕ್ಷೆ ನೋಡಿ ಬಾಯಿ ಮುಚ್ಚಿದರಂತೆ.

ಎರಡು ದಿನದ ಮೇಲೆ ಪೈಪಿನ ಕೆಲಸದವರು ಬಂದರು. ಕೆಳಗಿನ ನಲ್ಲಿಯ ಹತ್ತಿರ ಚರಂಡಿಯ ಚಪ್ಪಡಿ ಎತ್ತಿದರು. ಬೀದಿಗೆ ಬೀದಿಯೇ ಸುತ್ತ ನೆರೆದಿತ್ತು. ಕೆಲಸದವನು ಕಪ್ಪು ನೀರಿನೊಳಗೆ ಕೈಹಾಕಿ ಪೈಪನ್ನು ತಡವಿ, ಇದೇನಿದು ಎಂದು ಕೊಳೆ ಒರೆಸಿದ. ಮೂರು ಸುತ್ತಿನ ಮಳೆಕೋಟಿನ ಬಟ್ಟೆ. ದಪ್ಪ ದಾರ. ಎರಡು ಸಾಲು ಹೊಲಿಗೆ, ಗೆರೆ ಎಳೆದ ಹಾಗೆ ನೇರ.

ಯಾರೂ ಹೆಸರು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಆ ಹೊಲಿಗೆ ಅಲ್ಲಿದ್ದ ಅರ್ಧ ಜನರ ಮೈಮೇಲೆಯೇ ಇತ್ತು.

"ಹೊಲಿಗೆ ಮಾತ್ರ ಗಟ್ಟಿ ಕಣೋ," ಎಂದಳು ಇಸ್ತ್ರಿ ಅತ್ತೆ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೇ ಚೆನ್ನಾಗಿತ್ತು ಎಂದು ಮಾಮನಿಗೆ ಅನ್ನಿಸಿತು.

ಪುಟ್ಟಿ ಎಲ್ಲರಿಗೂ ಕೇಳುವ ಹಾಗೆ ವಿವರಿಸಿದಳು. ನಲ್ಲಿಗೆ ನೀರು ಬಿಟ್ಟಿರುವಾಗ ಒಡಕಿನಿಂದ ನೀರು ಹೊರಗೆ ಬರುತ್ತದೆ. ನೀರು ನಿಲ್ಲಿಸಿದಾಗ ಅದೇ ಒಡಕು ಸುತ್ತಲಿನ ಚರಂಡಿ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ಮೇಲೆ ಬಟ್ಟೆ ಸುತ್ತಿದರೆ ಸೋರುವುದು ಕಾಣುವುದಿಲ್ಲ ಅಷ್ಟೇ, ಒಡಕು ಹೋಗುವುದಿಲ್ಲ. ಸೋರುತ್ತಿದ್ದರೆ ಯಾರಾದರೂ ದೂರು ಕೊಡುತ್ತಿದ್ದರು. ಕಾಣದೇ ಇದ್ದದ್ದರಿಂದ ವರ್ಷವಿಡೀ ಯಾರಿಗೂ ಗೊತ್ತಾಗಲಿಲ್ಲ.

ಮನೆಗೆ ಬಂದ ಮೇಲೆ ಮಾಮ ಯಂತ್ರದ ಮುಂದೆ ಕೂತ, ಆದರೆ ಕಾಲು ತುಳಿಯಲಿಲ್ಲ. ಮಗಳನ್ನು ಕೇಳಿದ: "ನಿನ್ನ ವರದೀಲಿ ನನ್ನ ಹೆಸರು ಬರೀತೀಯಾ?"

"ಇಲ್ಲಪ್ಪ. ಪೈಪಿಗೆ ಬಟ್ಟೆ ಸುತ್ತಿ ತಾತ್ಕಾಲಿಕ ದುರಸ್ತಿ ಮಾಡಲಾಗಿತ್ತು ಅಂತ ಬರೀತೀನಿ."

"ಒಳ್ಳೇದಾಗ್ಲಿ ಅಂತಾನೇ ಸುತ್ತಿದ್ದೆ ಮಗಳೇ."

"ನನಗೆ ಗೊತ್ತು. ನನ್ನ ಕಾಗದಕ್ಕೂ ಒಳ್ಳೇದಾಗ್ಲಿ ಅಂತಾನೇ ಸುತ್ತಿದ್ದೆ ನೀನು." ಅವಳು ಅಪ್ಪನ ಭುಜದ ಮೇಲಿದ್ದ ದಾರದ ಚೂರನ್ನು ತೆಗೆದಳು. "ಅಳತೆ ಪುಸ್ತಕ ಕೊಟ್ಟಿದ್ದೂ ನೀನೇ ಅಲ್ವಾ? ಅದನ್ನೂ ಬರೀತೀನಿ. ಬೀದಿಯ ಒಬ್ಬ ದರ್ಜಿಯ ನೆರವಿನಿಂದ ಅಂತ."

ಹೊಸ ಪೈಪನ್ನು ಚರಂಡಿಯಿಂದ ದೂರಕ್ಕೆ ಸರಿಸಿ ಹಾಕಿದರು. ನೀರಿನ ಕಚೇರಿಯವರು ಪೈಪು ಶುದ್ಧಮಾಡಿ, ನೀರು ಪರೀಕ್ಷೆ ಮಾಡಿ, ಇನ್ನು ಕುಡಿಯಬಹುದು ಎಂದ ಮೇಲೆಯೇ ಬೀದಿಯವರು ಆ ನಲ್ಲಿಯ ಕೆಳಗೆ ಕೊಡ ಇಟ್ಟರು. ಪುಟ್ಟಿಯ ಮೇಡಂ ಒಂದು ದಿನ ತಾವೇ ಬಂದು, ಮೇಜಿನ ಮೇಲೆ ಇನ್ನೂ ಅಳಿಸದೆ ಇಟ್ಟಿದ್ದ ಸೀಮೆಸುಣ್ಣದ ಬೀದಿಯನ್ನು ನೋಡಿ, ಈ ಕೆಲಸ ಲೆಕ್ಕಕ್ಕೆ ಬಂತು ಎಂದರು. ಎರಡು ವಾರ ಬಟ್ಟೆಯನ್ನೆಲ್ಲ ನೆಲದ ಮೇಲೆ ಹಾಸಿಕೊಂಡೇ ಕತ್ತರಿಸಿದ್ದರಿಂದ ಮಾಮನ ಸೊಂಟ ಹಿಡಿದುಕೊಂಡಿತ್ತು. ಆದರೂ ಆ ಮೇಜಿನ ಮೇಲೆ ಯಾರಿಗೂ ಕೈಯಿಡಲು ಅವನು ಬಿಟ್ಟಿರಲಿಲ್ಲ.

ತಿಂಗಳ ಕೊನೆಯ ದಿನ ಪುಟ್ಟಿ ಅರ್ಜಿಯ ಮಾತೆತ್ತಿದಳು. ಮಾಮ ಗೋಡೆಯ ಮೊಳೆಗೆ ತೂಗುಹಾಕಿದ್ದ ಕಾಗದದ ಅಚ್ಚುಗಳ ಕಟ್ಟನ್ನು ತೋರಿಸಿದ. ಕಾಲರು ಕತ್ತರಿಸಲು ಗಟ್ಟಿ ಕಾಗದ ಬೇಕಾಗಿತ್ತಂತೆ. ಅರ್ಜಿ ಕಾಲರಾಗಿತ್ತು.

ಮೂರು ತಿಂಗಳು ಕಳೆದ ಮೇಲೆ ಇಸ್ತ್ರಿ ಅತ್ತೆ ಮೊಮ್ಮಗಳನ್ನು ಕರೆದುಕೊಂಡು ಮತ್ತೆ ಅಂಗಡಿಗೆ ಬಂದಳು. ಅದೇ ಸ್ಕರ್ಟು. ನಾಲ್ಕನೆಯ ಸಲವೂ ಹಿಡಿಯಬೇಕೇನೋ ಎಂದುಕೊಂಡು ಮಾಮ ಅಳತೆ ಪುಸ್ತಕ ತೆಗೆದ. ಅತ್ತೆ ಸ್ಕರ್ಟನ್ನು ಯಂತ್ರದ ಮೇಲೆ ಎಸೆದು, ಹಾಕಿದ್ದನ್ನೆಲ್ಲ ಬಿಚ್ಚು, ಉಸಿರಾಡಲು ಆಗುತ್ತಿಲ್ಲವಂತೆ ಮಹಾರಾಣಿಗೆ ಎಂದು ಬೈದಳು. ಅಷ್ಟು ಸಿಹಿಯಾದ ಬೈಗುಳವನ್ನು ಮಾಮ ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಟೇಪು ಸುತ್ತಿದಾಗ ಮಗು ಕಚಗುಳಿಗೆ ಕಿಲಕಿಲ ನಗುತ್ತ ಅವನ ಕೈಯಿಂದ ಎರಡು ಸಲ ಜಾರಿಕೊಂಡಿತು. ಮೂರು ಹೊಲಿಗೆಯನ್ನೂ ಅವನು ಒಂದೊಂದಾಗಿ, ದಾರ ಹರಿಯದ ಹಾಗೆ ಬಿಚ್ಚಿದ. ಪುಸ್ತಕದಲ್ಲಿ ‘ಬಿಚ್ಚಿದ್ದು’ ಎಂದು ಬರೆದು, ತಾರೀಖು ಹಾಕಿ, ಅದರ ಕೆಳಗೆ ಎರಡು ಗೆರೆ ಎಳೆದ.

ಆಮೇಲೆ ಏಣಿ ಹಾಕಿ ಅಟ್ಟಣಿಗೆಯಿಂದ ಬಿಳಿ ಬಟ್ಟೆ ಇಳಿಸಿದ. ಕೋಟು ಹೊಲಿಯಲಿಲ್ಲ. ಭುಜಕ್ಕೆ ಹಾಕಿಕೊಳ್ಳುವ ದೊಡ್ಡ ಚೀಲವೊಂದನ್ನು ಹೊಲಿದ. ಕಾಗದಕ್ಕೆ ಒಂದು ಜೇಬು, ಪೆನ್ನಿಗೆ ಒಂದು, ಸೀಮೆಸುಣ್ಣಕ್ಕೆ ಒಂದು, ಓಆರ್‌ಎಸ್ ಪೊಟ್ಟಣಗಳಿಗೆ ಒಂದು. ಒಳಗಡೆ, ಯಾರಿಗೂ ಕಾಣದ ಹಾಗೆ, ಒಂದು ಪುಟ್ಟ ಜೇಬು. ಅದರಲ್ಲಿ ಇಪ್ಪತ್ತು ವರ್ಷ ಅವನ ಕತ್ತಿನಲ್ಲಿದ್ದ ಹಳೆಯ ಟೇಪನ್ನು ಸುತ್ತಿ ಇಟ್ಟ. ಕಾಜಗಳನ್ನು ಅಮ್ಮ ಹಾಕಿದಳು.

ಈಗ ಯಾರಾದರೂ ಮಗಳು ಏನು ಓದುತ್ತಿದ್ದಾಳೆ ಎಂದು ಕೇಳಿದರೆ ಮಾಮ ಕೆಮ್ಮುವುದಿಲ್ಲ.

"ನಮ್ಮ ಕಸುಬೇ," ಎನ್ನುತ್ತಾನೆ. "ನಾನು ಒಬ್ಬೊಬ್ಬರಿಗೆ ಅಳತೆ ತೆಗೀತೀನಿ. ಅವಳು ಇಡೀ ಬೀದಿಗೆ ತೆಗೀತಾಳೆ."

ಅಕ್ಕಂದಿರೇ, ಅಣ್ಣಂದಿರೇ, ಇದನ್ನು ಓದುತ್ತಿರುವವರೇ, ಓದಿಸಿಕೊಂಡು ಕೇಳುತ್ತಿರುವವರೇ. ನಾಳೆ ನಿಮ್ಮ ಬಾಗಿಲಿಗೂ ಇಂಥ ಒಬ್ಬ ವಿದ್ಯಾರ್ಥಿ ಚೀಲ ಹಾಕಿಕೊಂಡು ಬರಬಹುದು. ಕೂರಿಸಿ. ಇದ್ದದ್ದನ್ನು ಇದ್ದ ಹಾಗೆ ಹೇಳಿ. ಅದು ಅವರ ಪರೀಕ್ಷೆಯಲ್ಲ, ನಿಮ್ಮ ಬೀದಿಯ ಅಳತೆ. ತಪ್ಪು ಅಳತೆ ಕೊಟ್ಟು ಸರಿಯಾದ ಅಂಗಿ ಕೇಳಿದರೆ ಯಾವ ದರ್ಜಿಯೂ ಹೊಲಿದುಕೊಡಲಾರ. ಮಗುವಿಗೆ ಮತ್ತೆ ಮತ್ತೆ ಭೇದಿಯಾ? ಬಟ್ಟೆ ಸಡಿಲವಾಗುತ್ತಿದೆಯಾ? ನಾಚಿಕೆ ಬಿಟ್ಟು ಆರೋಗ್ಯ ಕಾರ್ಯಕರ್ತೆಗೆ ಹೇಳಿ. ಕಣ್ಣು ಗುಳಿ ಬಿದ್ದರೆ, ಮೂತ್ರ ನಿಂತರೆ, ಭೇದಿಯಲ್ಲಿ ರಕ್ತ ಕಂಡರೆ, ಮಗು ಕುಡಿಯಲೂ ಆಗದಷ್ಟು ಸೋತರೆ, ಒಂದು ಗಳಿಗೆಯೂ ಕಾಯದೆ ಆಸ್ಪತ್ರೆಗೆ ಓಡಿ. ಸೋರುವ ಪೈಪಿಗೆ ಬಟ್ಟೆ ಸುತ್ತಬೇಡಿ, ದೂರು ಕೊಡಿ.

ಇನ್ನೊಂದು ಮಾತು. ನಿಮ್ಮ ಮನೆಯ ಮಗಳೋ ಮಗನೋ ಬಂದು, ನಾನು ಸಾರ್ವಜನಿಕ ಆರೋಗ್ಯ ಓದುತ್ತೇನೆ, ಜನರ ನಡುವೆ ಕೆಲಸ ಮಾಡುತ್ತೇನೆ ಎಂದರೆ, ಬಿಳಿ ಕೋಟು ಎಲ್ಲಿ ಎಂದು ಕೇಳಬೇಡಿ. ಹೋಗಿ ಬಾ ಎನ್ನಿ. ಮಾಮ ಹೇಳುವ ಹಾಗೆ, ಬೆಳೆಯುವ ಮಕ್ಕಳ ಹೊಲಿಗೆಯನ್ನು ಬಿಚ್ಚಿ ಕೊಡಬೇಕು, ಹಿಡಿದು ಕೊಡಬಾರದು.